ಅಪ್ಪನ ಜೊತೆ ಕೂತು ನೋಡಿದ ಜೆರೆಮಯ ಜಾನ್ಸನ್

ವಾಟ್ಸಾಪಲ್ಲಿ ಒಂದು ಜಿಫ್ ಓಡಾಡುತ್ತಲ್ಲ, ತಲೆಗೂದಲು ಗಡ್ಡ ಎಲ್ಲ ಕೆಂಚಗೆ ಬೆಳೆದಿರೋ ಒಬ್ಬ ಮನುಷ್ಯ, ಕ್ಯಾಮೆರಾ ನಿಧಾನಕ್ಕೆ ಅವನ ಮುಖದ ಹತ್ರ ಹೋಗುತ್ತೆ, ಅವನು ಮೆಲ್ಲಗೆ ಮುಗುಳ್ನಕ್ಕು ತಲೆ ಆಡಿಸ್ತಾನೆ, ಭೇಷ್ ಅನ್ನೋ ಥರ. ನಮ್ಮ ಆಫೀಸ್ ಗ್ರೂಪಲ್ಲಿ ಯಾರಾದ್ರೂ ಒಳ್ಳೆ ಕೆಲಸ ಮಾಡಿದ್ರೆ ಅದೇ ಬೀಳೋದು. ತುಂಬಾ ಜನ ಅದು ಕಾಮಿಡಿ ನಟ ಝ್ಯಾಕ್ ಗ್ಯಾಲಿಫಿಯಾನಾಕಿಸ್ ಅಂದ್ಕೊಂಡಿದ್ದಾರೆ, ನಾನೂ ಎಷ್ಟೋ ವರ್ಷ ಹಾಗೇ ಅಂದ್ಕೊಂಡಿದ್ದೆ. ಅಲ್ಲ. ಅದು ಹಾಲಿವುಡ್ ನಟ ರಾಬರ್ಟ್ ರೆಡ್‌ಫೋರ್ಡ್. ಸಿನಿಮಾ 1972ರ ಜೆರೆಮಯ ಜಾನ್ಸನ್, ಡೈರೆಕ್ಟರ್ ಸಿಡ್ನಿ ಪೊಲಾಕ್.

2025ರ ಸೆಪ್ಟೆಂಬರ್ 16ಕ್ಕೆ ರೆಡ್‌ಫೋರ್ಡ್ ತೀರಿಕೊಂಡ್ರು, 89 ವರ್ಷ. ಅಮೆರಿಕದ ಯೂಟಾ ರಾಜ್ಯದ ಸಂಡ್ಯಾನ್ಸ್ ಬೆಟ್ಟದಲ್ಲಿ, ತಮ್ಮ ಮನೆಯಲ್ಲೇ. ಈ ಸಿನಿಮಾದ ಎಷ್ಟೋ ಸೀನುಗಳನ್ನ ಅದೇ ಬೆಟ್ಟದ ಸೆರಗಲ್ಲಿ, ಟಿಂಪನೋಗಸ್ ಅನ್ನೋ ಶಿಖರದ ಸುತ್ತಮುತ್ತ ಶೂಟ್ ಮಾಡಿದ್ದು ಅಂತ ಆವತ್ತೇ ಓದಿದ್ದು ನಾನು. ಸ್ಟುಡಿಯೋದವ್ರು ಸೆಟ್ ಹಾಕಿ ಮುಗಿಸಿ ಅಂದ್ರೂ ಕೇಳದೆ ನಿಜವಾದ ಹಿಮದಲ್ಲೇ ಮಾಡ್ತೀವಿ ಅಂತ ಹಠ ಹಿಡಿದು ಮಾಡಿದ್ದಂತೆ. ಆಮೇಲೆ ಊರಿಗೆ ಹೋದಾಗ ಲ್ಯಾಪ್‌ಟಾಪನ್ನ ಟಿವಿಗೆ ಜೋಡಿಸಿ ಅಪ್ಪನ ಜೊತೆ ಕೂತು ನೋಡಿದೆ. ಮೊದಲನೇ ಸಲ ಒಬ್ಬನೇ ನೋಡಿದ್ದಾಗ ಚೆನ್ನಾಗಿದೆ ಅನ್ನಿಸಿತ್ತು ಅಷ್ಟೇ. ಅಪ್ಪನ ಜೊತೆ ನೋಡಿದ್ಮೇಲೆ ಇದು ಬೇರೆಯೇ ಸಿನಿಮಾ ಆಯ್ತು, ಅದಕ್ಕೇ ಬರೀತಿದೀನಿ.

ಅಪ್ಪಂಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ. ಈ ಸಿನಿಮಾಕ್ಕೆ ಬೇಕಾಗೂ ಇಲ್ಲ, ಮಾತು ಅಷ್ಟು ಕಮ್ಮಿ. ಮತ್ತೆ ಅಪ್ಪ ಮಲೆನಾಡಲ್ಲಿ ಹುಟ್ಟಿ ಅಡಿಕೆ ತೋಟದಲ್ಲೇ ಬೆಳೆದವ್ರು, ಕಾಡು, ಮಳೆ, ಬೆಂಕಿ, ಕೋವಿ ಇದೆಲ್ಲ ಅವ್ರಿಗೆ ಯಾರೂ ಟ್ರಾನ್ಸ್‌ಲೇಟ್ ಮಾಡ್ಬೇಕಾಗಿಲ್ಲ.

ಕಥೆ ಹೀಗಿದೆ. ಮೆಕ್ಸಿಕೋ ಯುದ್ಧ, ಅಂದ್ರೆ 1846ರಿಂದ 48ರದ್ದು, ಅದರಲ್ಲಿ ಸೈನಿಕನಾಗಿದ್ದ ಒಬ್ಬ ಯುವಕ ಊರು ಜನ ಎಲ್ಲ ಸಾಕಾಗಿ ರಾಕಿ ಬೆಟ್ಟಗಳಿಗೆ ಬರ್ತಾನೆ, ಇನ್ನೂ ಕಾಲಲ್ಲಿ ಮಿಲಿಟರಿ ಪ್ಯಾಂಟೇ ಇದೆ. ದೋಣಿಯಿಂದ ಇಳಿದವನೇ ಕುದುರೆ, ಬೋನು, ಕೋವಿ ತಗೋತಾನೆ. ತುಪ್ಪಳದ ಪ್ರಾಣಿ ಹಿಡಿದು ಚರ್ಮ ಮಾರ್ಕೊಂಡು ಒಬ್ಬನೇ ಬದುಕ್ತೀನಿ ಅನ್ನೋದು ಅವನ ಲೆಕ್ಕ. ಅವನಿಗೆ ಬೇಕಾಗಿದ್ದು ಹಾಕನ್ ಕೋವಿ, 50 ಕ್ಯಾಲಿಬರ್, ಅಂದ್ರೆ ನಳಿಗೆ ಅರ್ಧ ಇಂಚು ಅಗಲ. ಸಿಗೋದು 30ರದ್ದು. ಹಾಕನ್ ಅನ್ನೋದು ಸೇಂಟ್ ಲೂಯಿಸಲ್ಲಿ ಜೇಕಬ್ ಮತ್ತೆ ಸ್ಯಾಮ್ಯುಯಲ್ ಅಂತ ಅಣ್ಣತಮ್ಮಂದಿರು ಕೈಯಲ್ಲಿ ಮಾಡ್ತಿದ್ದ ಕೋವಿ, ಬೆಟ್ಟಕ್ಕೆ ಹೋಗೋರಿಗೆಲ್ಲ ಅದರ ಮೇಲೇ ಕಣ್ಣು. ನಳಿಗೆಯ ಬಾಯಿಂದ ಮಸಿ, ಅಂದ್ರೆ ಕೋವಿಮದ್ದು, ತುಂಬಿ ಗುಂಡು ಇಳಿಸಿ ಕೋಲಲ್ಲಿ ಜಡಿದು ಆಮೇಲೆ ಕೇಪು ಇಟ್ಟು ಹೊಡೆಯೋದು. ಅಪ್ಪ ನೋಡಿದ ತಕ್ಷಣ "ಇದು ನಮ್ಮ ಕೇಪಿನ ಕೋವಿನೇ ಅಲ್ವನೋ" ಅಂದ್ರು. ಅಜ್ಜನ ಕಾಲದ್ದೊಂದು ನಮ್ಮನೇಲೂ ಇತ್ತು, ಹಂದಿ ಮಂಗ ಹೆದರಿಸೋಕೆ, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಒಪ್ಪಿಸಿ ಬರ್ತಿದ್ರು. ಒಂದು ಸಲ ಹೊಡೆದ್ರೆ ಮತ್ತೆ ತುಂಬೋಕೆ ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಎದುರಿಗಿರೋ ಪ್ರಾಣಿ ಏನು ಮಾಡಬಹುದು ಅನ್ನೋದು ಅಪ್ಪಂಗೆ ಗೊತ್ತು, ಹಾಗಾಗಿ ಕರಡಿ ಸೀನುಗಳಲ್ಲಿ ನನಗಿಂತ ಅವ್ರಿಗೇ ಜಾಸ್ತಿ ಉಸಿರು ಕಟ್ಟಿತ್ತು.

ಮೊದಲನೇ ಚಳಿಗಾಲ ಅವನಿಗೆ ಏನೂ ಬರಲ್ಲ. ಹೊಳೆಗಿಳಿದು ಬರಿಗೈಯಲ್ಲಿ ಮೀನು ಹಿಡಿಯೋಕೆ ಒದ್ದಾಡ್ತಾನೆ, ತಲೆ ಎತ್ತಿ ನೋಡಿದ್ರೆ ಕ್ರೋ ಅನ್ನೋ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಒಬ್ಬ ಯೋಧ ಕುದುರೆ ಮೇಲೆ ಕೂತು ಸುಮ್ನೆ ನೋಡ್ತಿದ್ದಾನೆ, ಅವನ ಹತ್ರ ಹಿಡಿದ ಮೀನಿನ ಗೊಂಚಲೇ ಇದೆ. ಒಂದು ಮಾತಿಲ್ಲ. ನೋಡ್ತಾನೆ, ಹೋಗ್ತಾನೆ. ಆಮೇಲೆ ಬೆಂಕಿ ಸೀನು. ಕೈ ಮರಗಟ್ಟಿದೆ, ಹೇಗೋ ಕಷ್ಟಪಟ್ಟು ಮರದ ಕೆಳಗೆ ಬೆಂಕಿ ಹಚ್ತಾನೆ, ಹೊಗೆ ಏಳುತ್ತೆ, ಉರಿ ಹತ್ತುತ್ತೆ, ಮುಖದಲ್ಲಿ ಒಂದಿಷ್ಟು ಸಮಾಧಾನ. ಅಪ್ಪ ಅಷ್ಟೊತ್ತಿಗೇ "ಅಲ್ಲಿ ಹಚ್ಚಬಾರದಿತ್ತು ಮಾರಾಯ, ಮೇಲೆ ನೋಡು" ಅಂದ್ರು. ನಾನು ಮೇಲೆ ಏನಿದೆ ಅಂತ ನೋಡೋದ್ರೊಳಗೆ ಕೊಂಬೆ ಮೇಲಿದ್ದ ಹಿಮ ದೊಪ್ ಅಂತ ಬಿದ್ದು ಬೆಂಕಿ ಆರಿಹೋಯ್ತು. ಅಪ್ಪ ಜನ್ಮದಲ್ಲಿ ಹಿಮ ನೋಡಿಲ್ಲ. ಆದ್ರೆ ಮಳೆಗಾಲದಲ್ಲಿ ಮರದಡಿ ಬೆಂಕಿ ಹಚ್ಚಿ ಎಷ್ಟು ಸಲ ಎಲೆ ಮೇಲಿನ ನೀರು ಸುರಿದು ಆರಿದೆಯೋ ಏನೋ.

ಇಲ್ಲಿಂದ ಮುಂದೆ ನೋಡ್ತಾ ನೋಡ್ತಾ ನನಗೆ ಒಂದು ವಿಷಯ ಹೊಳೀತು, ಮೊದಲ ಸಲ ನೋಡಿದಾಗ ಕಾಣದೇ ಇದ್ದದ್ದು. ಒಂಟಿಯಾಗಿ ಬದುಕ್ತೀನಿ ಅಂತ ಬಂದವನ ಹತ್ರ ಕೊನೆಗೆ ಏನೇನು ಇದೆಯೋ ಅಷ್ಟೂ ಬೇರೆಯವ್ರು ಕೊಟ್ಟಿದ್ದೇ. ಒಂದೊಂದಾಗಿ ನೋಡಿ. ಅವನು ಆಸೆಪಟ್ಟ 50ರ ಕೋವಿ ಸಿಗೋದು ಹಿಮದಲ್ಲಿ ಕಲ್ಲಾಗಿ ಕೂತಿರೋ ಹ್ಯಾಚೆಟ್ ಜ್ಯಾಕ್ ಅನ್ನೋ ಒಬ್ಬ ಹಳೇ ಬೇಟೆಗಾರನ ಹೆಣದ ಕೈಯಿಂದ. ಅವನ ಎದೆ ಮೇಲೆ ಒಂದು ಚೀಟಿ ಇದೆ, ಕರಡಿ ನನ್ನ ಕಾಲು ಮುರೀತು, ಅದನ್ನೂ ನಾನು ಕೊಂದೆ, ಈ ಕೋವಿ ಯಾರಿಗೆ ಸಿಗುತ್ತೋ ಅವ್ರಿಗೆ, ಒಳ್ಳೇ ಕೋವಿ ಅನ್ನೋ ಅರ್ಥದ್ದು. ಸಾಯೋ ಹೊತ್ತಲ್ಲಿ ಗುರುತಿಲ್ಲದ ಯಾರೋ ಒಬ್ಬನಿಗೆ ತನ್ನ ಆಸ್ತಿ ಬರೆದಿಟ್ಟು ಹೋಗಿದ್ದಾನೆ. ಜಾನ್ಸನ್ ಅದನ್ನ ತಗೋತಾನೆ.

ಬದುಕೋ ವಿದ್ಯೆ ಕೊಟ್ಟಿದ್ದು ಬೇರ್ ಕ್ಲಾ ಅನ್ನೋ ಮುದುಕ. ವಿಲ್ ಗಿಯರ್ ಆ ಪಾತ್ರ ಮಾಡಿದ್ದು, ಎಂಥ ನಟ! ಗ್ರಿಝ್ಲಿ ಕರಡಿನ ಬೆನ್ನಿಗೆ ಹಚ್ಕೊಂಡು ಓಡಿ ಬಂದು ಮನೆಯೊಳಗೆ ನುಗ್ಗಿ ಹಿಂದಿನ ಕಿಟಕಿಯಿಂದ ಹಾರಿ, ಇದನ್ನ ಸುಲಿ, ಇನ್ನೊಂದು ತರ್ತೀನಿ ಅಂತಾನೆ. ಅಮ್ಮ ಅಡುಗೆಮನೆಯಿಂದ ಓಡಿಬಂದು ನೋಡಿದ್ರು ಅಪ್ಪ ಅಷ್ಟು ಜೋರಾಗಿ ನಕ್ಕಿದ್ದಕ್ಕೆ. ಆದ್ರೆ ಆ ಮುದುಕ ಕಲಿಸೋದೆಲ್ಲ ಎಷ್ಟು ನಿಖರ ಅಂದ್ರೆ, ಎಲ್ಕ್ ಹೊಡೆಯೋಕೆ, ನಮ್ಮ ಕಡವೆಗಿಂತ ದೊಡ್ಡದದು, ಬಯಲಲ್ಲಿ ಹತ್ರ ಹೋಗ್ಬೇಕಾದ್ರೆ ಕುದುರೆ ಮರೆಯಲ್ಲಿ ನಡ್ಕೊಂಡು ಹೋಗ್ಬೇಕು. ನಮ್ಮ ಕಾಲು ಕಾಣಲ್ವಾ ಅಂತ ಇವನ ಪ್ರಶ್ನೆ. ಕುದುರೆಗೆ ಎಷ್ಟು ಕಾಲು ಅಂತ ಎಲ್ಕಿಗೆ ಲೆಕ್ಕ ಬರಲ್ಲ ಅನ್ನೋದು ಮುದುಕನ ಉತ್ತರ. ರಾತ್ರಿ ಮಲಗೋಕೆ ಗುಂಡಿ ತೋಡಿ ಕೆಂಡ ಹರಡಿ ಮೇಲೆ ಮಣ್ಣು ಮುಚ್ಚಿ ಅದರ ಮೇಲೆ ಹಾಸಿಗೆ. ಜಾನ್ಸನ್ ಮಣ್ಣು ಕಮ್ಮಿ ಹಾಕಿ ನಡುರಾತ್ರಿ ಸುಟ್ಕೊಂಡು ಎದ್ದು ಕುಣೀತಾನೆ. ಮಣ್ಣು ಸಾಲ್ದು ಅಂತ ಮುದುಕಂಗೆ ಆಗಲೇ ಗೊತ್ತಿತ್ತು, ಹೇಳಿಲ್ಲ. ಸುಟ್ಕೊಂಡು ಕಲಿತದ್ದು ಮರೆಯಲ್ಲ ಅಂತ ಅಪ್ಪ ಅಂದ್ರು, ಅವ್ರು ನನಗೆ ಮರ ಹತ್ತೋದು ಕಲಿಸಿದ್ದೂ ಸುಮಾರು ಹಾಗೇ.

ಬೋನು ಇಡೋದರ ಬಗ್ಗೆ ಸಿನಿಮಾ ಜಾಸ್ತಿ ಹೊತ್ತು ನಿಲ್ಲಲ್ಲ, ನನಗೆ ಅದೊಂದು ಕೊರತೆ ಅನ್ನಿಸಿತು, ಆ ಕಸುಬೇ ಅಲ್ವಾ ಇವರನ್ನೆಲ್ಲ ಅಲ್ಲಿಗೆ ಕರ್ಕೊಂಡು ಬಂದಿದ್ದು. ಹಾಗಾಗಿ ನಾನು ಆಮೇಲೆ ಒಂದಿಷ್ಟು ಓದಿದೆ. ಇವ್ರು ಹಿಡೀತಿದ್ದದ್ದು ಮುಖ್ಯವಾಗಿ ಬೀವರ್. ನಮ್ಮಲ್ಲಿ ಈ ಪ್ರಾಣಿ ಇಲ್ಲ. ಕೆಲವರು ನೀರುನಾಯಿ ಅಂತ ಬರೀತಾರೆ, ತಪ್ಪು, ನೀರುನಾಯಿ ಅಂದ್ರೆ ಆಟರ್, ಕಾವೇರಿ ತುಂಗಭದ್ರೆಯಲ್ಲಿರೋದು, ಅದು ಮೀನು ತಿನ್ನುತ್ತೆ. ಬೀವರ್ ಹೆಗ್ಗಣ ಅಳಿಲಿನ ಕಡೆಯ ಪ್ರಾಣಿ, ಮರ ಕಡಿದು ತೊಗಟೆ ತಿಂದು ಹೊಳೆಗೆ ಅಡ್ಡ ಕಟ್ಟೆ ಕಟ್ಟುತ್ತೆ, ಬಾಲ ಚಪ್ಪಟೆ, ದೋಣಿಯ ಹುಟ್ಟಿನ ಥರ. ಅದರ ಮೈಮೇಲೆ ಎರಡು ಥರದ ಕೂದಲು, ಮೇಲೆ ಉದ್ದ ಒರಟು ಕೂದಲು, ಅಡಿಯಲ್ಲಿ ದಟ್ಟ ಮೆತ್ತನೆ ತುಪ್ಪಳ. ಆ ಅಡಿ ತುಪ್ಪಳದ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕೊಕ್ಕೆಗಳಿವೆ, ಬಿಸಿ ನೀರು ಕೊಟ್ಟು ಒತ್ತಿ ತಿಕ್ಕಿದ್ರೆ ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಫೆಲ್ಟ್ ಅನ್ನೋ ಕಂಬಳಿಯಂಥ ಗಟ್ಟಿ ಬಟ್ಟೆ ಆಗುತ್ತೆ, ಮಳೆಗೆ ಆಕಾರ ಕೆಡಲ್ಲ. ಯುರೋಪಿನ ದೊಡ್ಡ ಮನುಷ್ಯರ ಹ್ಯಾಟುಗಳೆಲ್ಲ ಇದರದ್ದೇ. ಹ್ಯಾಟ್ ಮಾಡೋ ಕಾರ್ಖಾನೆಗಳಲ್ಲಿ ಪಾದರಸ ಬಳಸ್ತಿದ್ರು, ಆ ಹೊಗೆ ಕುಡಿದು ಕೆಲಸಗಾರರಿಗೆ ಕೈ ನಡುಕ, ಬುದ್ಧಿಭ್ರಮಣೆ. ಒಂದು ಟೋಪಿಗೋಸ್ಕರ ಬೆಟ್ಟದಲ್ಲಿ ಒಬ್ಬ ಚಳಿಗೆ ಸಾಯ್ತಾನೆ, ಪೇಟೆಯಲ್ಲಿ ಒಬ್ಬ ವಿಷಕ್ಕೆ.

ಹಿಡಿಯೋ ಕ್ರಮ ಕೇಳಿದ್ರೆ ಮೈ ಜುಂ ಅನ್ನುತ್ತೆ. ಮನುಷ್ಯನ ವಾಸನೆ ದಡದಲ್ಲಿ ಉಳೀಬಾರದು ಅಂತ ಹೊಳೆಯೊಳಗೇ ನಡ್ಕೊಂಡು ಹೋಗ್ಬೇಕು, ಮೊಣಕಾಲು ಮುಳುಗೋ ಮಂಜಿನ ನೀರಲ್ಲಿ. ದಡದ ಹತ್ರ ನೀರಿನೊಳಗೆ ಕೆಲವೇ ಇಂಚು ಕೆಳಗೆ ಕಬ್ಬಿಣದ ಬೋನು ಇಟ್ಟು, ಅದರ ಸರಪಳಿನ ಆಳದ ಕಡೆ ಗೂಟ ಹೊಡೆದು ಕಟ್ಟಬೇಕು. ಬೀವರಿನದೇ ಗ್ರಂಥಿಯಿಂದ ತೆಗೆದ ಕ್ಯಾಸ್ಟೋರಿಯಂ ಅನ್ನೋ ಘಾಟು ವಾಸನೆ ವಸ್ತುವನ್ನ ಒಂದು ಕಡ್ಡಿಗೆ ಸವರಿ ಬೋನಿನ ಮೇಲೆ ಬಗ್ಗಿಸಿ ಚುಚ್ಚೋದು. ನಮ್ಮ ಜಾಗಕ್ಕೆ ಯಾರೋ ಹೊಸಬ ಬಂದಿದ್ದಾನೆ ಅಂತ ಬೀವರ್ ಮೂಸೋಕೆ ಬರುತ್ತೆ, ಕಾಲು ಸಿಕ್ಕುತ್ತೆ, ಹೆದರಿ ಆಳಕ್ಕೆ ಮುಳುಗುತ್ತೆ, ಬೋನಿನ ಭಾರಕ್ಕೆ ಮೇಲೆ ಬರೋಕಾಗದೆ ಅಲ್ಲೇ ಉಸಿರು ಕಟ್ಟಿ ಸಾಯುತ್ತೆ. ತನ್ನ ಮನೆ ಕಾಯೋಕೆ ಬಂದು ಸಾಯೋದು. ಆಮೇಲೆ ಸುಲಿದು, ಕೊಬ್ಬು ಕೆರೆದು, ಬೆತ್ತದಂಥ ವಿಲೋ ಕೋಲನ್ನ ಬಳೆ ಥರ ಬಗ್ಗಿಸಿ ಅದಕ್ಕೆ ಚರ್ಮ ಬಿಗಿದು ಒಣಗಿಸೋದು. ಬಾಲ ಸುಟ್ಟು ತಿನ್ನೋರು, ಅದು ಅವ್ರಿಗೆ ಹಬ್ಬದೂಟ. ವರ್ಷಗಟ್ಟಲೆ ಆ ನೀರಲ್ಲಿ ನಿಂತು ನಿಂತು ಎಷ್ಟೋ ಜನಕ್ಕೆ ಸಣ್ಣ ವಯಸ್ಸಿಗೇ ಕೀಲುನೋವು.

ದುಡ್ಡಾದ್ರೂ ಆಗ್ತಿತ್ತಾ ಅಂದ್ರೆ ಅದೂ ಇಲ್ಲ. 1822ರಲ್ಲಿ ವಿಲಿಯಂ ಆಶ್ಲಿ ಅನ್ನೋ ವ್ಯಾಪಾರಿ ಸೇಂಟ್ ಲೂಯಿಸ್ ಪೇಪರಲ್ಲಿ 100 ಜನ ಯುವಕರು ಬೇಕು, ಮಿಸ್ಸೂರಿ ನದಿಯ ಮೂಲದ ತನಕ ಹೋಗಬೇಕು ಅಂತ ಜಾಹೀರಾತು ಕೊಟ್ಟ. ಜಿಮ್ ಬ್ರಿಡ್ಜರ್, ಜೆಡೆಡೈಯಾ ಸ್ಮಿತ್, ಕರಡಿ ಬಾಯಿಗೆ ಸಿಕ್ಕು ಸತ್ತ ಅಂತ ಜೊತೆಯವ್ರು ಬಿಟ್ಟುಹೋದ ಮೇಲೆ ತೆವಳ್ಕೊಂಡು ಬಂದು ಬದುಕಿದ ಹ್ಯೂ ಗ್ಲಾಸ್, ಇವ್ರೆಲ್ಲ ಅವನ ಜೊತೆ ಹೋದವ್ರೇ. 1825ರಿಂದ ವರ್ಷಕ್ಕೊಂದು ಸಲ ಬೇಸಿಗೆಯಲ್ಲಿ ಬೆಟ್ಟದ ನಡುವೆ ಒಂದು ಜಾತ್ರೆ ಶುರುವಾಯ್ತು, ರಾಂಡೆವೂ ಅಂತ ಹೆಸರು, ವ್ಯಾಪಾರಿ ಸಾಮಾನು ತರೋದು, ಇವ್ರು ಚರ್ಮ ಕೊಡೋದು. ಮೊದಲನೇ ವರ್ಷ ಆಶ್ಲಿ ಒಂದು ಪೌಂಡ್ ಬೀವರ್ ತುಪ್ಪಳಕ್ಕೆ ಕೊಟ್ಟಿದ್ದು ಸುಮಾರು 3 ಡಾಲರ್, ಅದೇ ಕಾಫಿಪುಡಿ, ಸಕ್ಕರೆ ಪೌಂಡಿಗೆ ಒಂದೂವರೆ ಡಾಲರಿನ ಹಾಗೆ ಮಾರಿದ. ಅಂದ್ರೆ ವರ್ಷವಿಡೀ ಮಂಜಲ್ಲಿ ನಿಂತು ಗಳಿಸಿದ್ದು ಕಾಫಿ ಸಕ್ಕರೆ ಮಸಿ ತಂಬಾಕು ವಿಸ್ಕಿ ಅಂತ ಅಲ್ಲೇ ಖರ್ಚು, ಆಶ್ಲಿ ಮಾತ್ರ ಸುಮಾರು 9 ಸಾವಿರ ಪೌಂಡ್ ತುಪ್ಪಳ ತಗೊಂಡು ಇಳಿದ. ನಮ್ಮ ಕಡೆ ಅಡಿಕೆಗೆ ಮುಂಗಡ ತಗೊಂಡು ಮಂಡಿ ಸಾಲದಲ್ಲಿ ಬಿದ್ದವರನ್ನ ನೋಡಿರೋ ಅಪ್ಪಂಗೆ ಇದನ್ನ ವಿವರಿಸಬೇಕಾಗಲೇ ಇಲ್ಲ, "ಸಾಮಾನು ತಂದವನೇ ಉದ್ಧಾರ ಆಗೋದು ಯಾವಾಗ್ಲೂ" ಅಂದ್ರು.

ಆಮೇಲೆ ಹ್ಯಾಟಿಗೆ ರೇಷ್ಮೆ ಬಂತು, ಬೀವರೂ ಖಾಲಿಯಾಯ್ತು, 1840ರ ಜಾತ್ರೆಯೇ ಕೊನೆಯದ್ದು. ಹಾಗಾಗಿ ಮೆಕ್ಸಿಕೋ ಯುದ್ಧ ಮುಗಿಸಿ ಬೆಟ್ಟ ಹತ್ತಿದ ಜಾನ್ಸನ್, ಅಂಗಡಿ ಬಾಗಿಲು ಹಾಕಿದ ಮೇಲೆ ಚೀಲ ಹಿಡ್ಕೊಂಡು ಬಂದವನು. ಸಿನಿಮಾ ಇದನ್ನ ಬಾಯಿಬಿಟ್ಟು ಹೇಳಲ್ಲ, ಆದ್ರೆ ಅವನು ಭೇಟಿಯಾಗೋರೆಲ್ಲ ಮುದುಕರು, ಹುಚ್ಚರು, ಇಲ್ಲ ಹೆಣ.

ಮತ್ತೆ ಕಥೆಗೆ ಬರ್ತೀನಿ. ಬೇರ್ ಕ್ಲಾನ ಬಿಟ್ಟು ಹೊರಟ ಮೇಲೆ ದಾರೀಲಿ ಒಂದು ಮನೆ, ದಾಳಿಯಲ್ಲಿ ಮಕ್ಕಳು ಸತ್ತು ತಾಯಿಗೆ ಹುಚ್ಚು ಹಿಡಿದಿದೆ, ಉಳಿದಿರೋ ಒಬ್ಬ ಹುಡುಗ ಮಾತೇ ಆಡಲ್ಲ. ಆ ಹೆಂಗಸು ಹುಡುಗನ್ನ ಇವನ ಕೈಗೆ ಒಪ್ಪಿಸಿಬಿಡ್ತಾಳೆ. ಮುಂದೆ ಕತ್ತಿನ ತನಕ ಮರಳಲ್ಲಿ ಹೂತಿರೋ ಡೆಲ್ ಗ್ಯೂ ಅನ್ನೋ ಬೋಳುತಲೆಯವನು ಸಿಗ್ತಾನೆ, ಅವನ ಸಹವಾಸದಿಂದ ಇವನ ಕುದುರೆ ಮೇಲೆ ಬ್ಲ್ಯಾಕ್‌ಫೂಟ್ ಅನ್ನೋ ಇನ್ನೊಂದು ಬುಡಕಟ್ಟಿನ ಯೋಧರನ್ನ ಕೊಂದು ತಲೆಯಿಂದ ಸುಲಿದ ನೆತ್ತಿಚರ್ಮಗಳು ಬಂದು ಸೇರುತ್ತವೆ, ಅದನ್ನ ನೋಡಿ ಫ್ಲಾಟ್‌ಹೆಡ್ ಬುಡಕಟ್ಟಿನವ್ರು ಇವನೇ ದೊಡ್ಡ ವೀರ ಅಂದ್ಕೋತಾರೆ. ಇವನು ಗೊತ್ತಿಲ್ಲದೆ ಅವನ್ನೂ ಕುದುರೆಗಳನ್ನೂ ಮುಖಂಡನಿಗೆ ಉಡುಗೊರೆ ಕೊಟ್ಟುಬಿಡ್ತಾನೆ. ಅಷ್ಟು ದೊಡ್ಡ ಉಡುಗೊರೆಗೆ ಅದಕ್ಕಿಂತ ದೊಡ್ಡದನ್ನ ತಿರುಗಿ ಕೊಡದಿದ್ರೆ ಮುಖಂಡನ ಮರ್ಯಾದೆ ಹೋಗುತ್ತೆ. ಮಗಳನ್ನೇ ಕೊಡ್ತಾನೆ. ಸ್ವಾನ್ ಅಂತ ಹೆಸರು.

ಫ್ಲಾಟ್‌ಹೆಡ್ ಅನ್ನೋದು ಹೊರಗಿನವ್ರು ಇಟ್ಟ ಹೆಸರು, ಅವ್ರು ಸೇಲಿಶ್ ಜನ. ಸಿನಿಮಾದಲ್ಲಿ ಅವ್ರು ಕ್ರಿಶ್ಚಿಯನ್ನರು, ಫ್ರೆಂಚ್ ಮಾತಾಡ್ತಾರೆ, ಇದು ಬರೀ ಕಟ್ಟುಕಥೆ ಅಲ್ಲ, 1830ರ ದಶಕದಲ್ಲಿ ಅವ್ರೇ ಸೇಂಟ್ ಲೂಯಿಸ್ ತನಕ ಜನ ಕಳಿಸಿ ಪಾದ್ರಿಗಳನ್ನ ಕೇಳಿದ್ರು, 1841ರಲ್ಲಿ ಡಿ ಸ್ಮೆಟ್ ಅನ್ನೋ ಜೆಸ್ಯೂಟ್ ಪಾದ್ರಿ ಅಲ್ಲಿ ಮಿಷನ್ ಕಟ್ಟಿದ್ದು ಇತಿಹಾಸ.

ಈಗ ಈ ಮೂರು ಜನ. ಒಬ್ಬನಿಗೆ ಇಂಗ್ಲಿಷ್, ಒಬ್ಬಳಿಗೆ ಸೇಲಿಶ್, ಒಬ್ಬನಿಗೆ ಮಾತೇ ಇಲ್ಲ. ಇಡೀ ಸಿನಿಮಾದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಹೊಳೆ ಪಕ್ಕ ಜಾಗ ನೋಡಿ ಮರ ಕಡಿದು ದಿಮ್ಮಿ ಮೇಲೆ ದಿಮ್ಮಿ ಇಟ್ಟು ಮೂವರೂ ಸೇರಿ ಮನೆ ಕಟ್ತಾರೆ. ಅವನು ಯೆಸ್ ಅನ್ನೋದೊಂದು ಶಬ್ದ ಕಲಿಸ್ತಾನೆ, ಅವಳು ಹೇಳ್ತಾಳೆ, ಅಷ್ಟೇ ಅವರ ಸಂಭಾಷಣೆ. ಒಂದು ಬೆಳಿಗ್ಗೆ ಅವಳ ಕೆನ್ನೆ ಕೆಂಪಗೆ ತರಚಿದ ಹಾಗಿರೋದು ಅವನ ಕಣ್ಣಿಗೆ ಬೀಳುತ್ತೆ, ತನ್ನ ಗಡ್ಡದಿಂದ ಅಂತ ಅರ್ಥ ಆಗುತ್ತೆ. ಮುಂದಿನ ಸಲ ನೋಡಿದ್ರೆ ಗಡ್ಡ ಬೋಳಿಸ್ಕೊಂಡಿದ್ದಾನೆ. ಚಳಿಯ ಬೆಟ್ಟದಲ್ಲಿ ಒಬ್ಬ ಗಂಡಸು ಗಡ್ಡ ತೆಗೆಯೋದು ಅಂದ್ರೆ ಸಣ್ಣ ಮಾತಲ್ಲ. ಒಂದು ಡೈಲಾಗ್ ಇಲ್ಲ, ಮ್ಯೂಸಿಕ್ಕೂ ಮೆಲ್ಲಗೆ, ಆದ್ರೆ ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟಿದೆ ಅಂತ ಅಲ್ಲೇ ಗೊತ್ತಾಗೋದು. ಅಮ್ಮ ಆವಾಗ ಬಾಗಿಲ ಹತ್ರ ನಿಂತೇ ನೋಡ್ತಿದ್ದವ್ರು ಬಂದು ಕೂತ್ಕೊಂಡ್ರು, ಕೊನೇ ತನಕ ಏಳ್ಲಿಲ್ಲ.

ನಾವು ನೋಡಿದ ಕಾಪಿಯಲ್ಲಿ ಇಂಟರ್ವಲ್ ಕೂಡ ಇತ್ತು, ಹಾಲಿವುಡ್ ಸಿನಿಮಾದಲ್ಲಿ ಅದನ್ನ ನೋಡಿದ್ದು ನಾನು ಕಮ್ಮಿ. ಒಂದು ಲೋಟ ಕಾಫಿ ಆಯ್ತು.

ಆಮೇಲೆ ಸೈನಿಕರು ಬರ್ತಾರೆ. ವಲಸೆ ಹೊರಟ ಗಾಡಿಗಳು ಹಿಮದಲ್ಲಿ ಸಿಕ್ಕಿಹಾಕ್ಕೊಂಡಿವೆ, ಜನ ಉಪವಾಸ, ದಾರಿ ತೋರಿಸು ಅಂತ ಕೇಳ್ತಾರೆ. ಇವನಿಗೆ ಇಷ್ಟವಿಲ್ಲ, ಆದ್ರೂ ಹಸಿದವರ ವಿಷಯ ಅಂತ ಹೊರಡ್ತಾನೆ. ದಾರಿಯಲ್ಲಿ ಕ್ರೋ ಜನರ ಸ್ಮಶಾನ. ಅವ್ರು ಸತ್ತವರನ್ನ ಹೂಳಲ್ಲ, ಕಂಬ ನೆಟ್ಟು ಅಟ್ಟ ಕಟ್ಟಿ ಅದರ ಮೇಲೆ ಮಲಗಿಸ್ತಾರೆ. ಅದರೊಳಗೆ ಹಾದುಹೋಗಬಾರದು ಅಂತ ಜಾನ್ಸನ್ನಿಗೆ ಚೆನ್ನಾಗಿ ಗೊತ್ತು, ಹೇಳ್ತಾನೆ ಕೂಡ. ಸುತ್ತು ಹಾಕಿದ್ರೆ ತಡ ಆಗುತ್ತೆ, ಅಷ್ಟೊತ್ತಿಗೆ ಜನ ಸಾಯ್ತಾರೆ ಅಂತ ಅವ್ರ ವಾದ. ಕೊನೆಗೆ ಒಪ್ತಾನೆ. ಕುದುರೆಗಳು ಸಾಲಾಗಿ ಆ ಅಟ್ಟಗಳ ನಡುವೆ ಹೋಗುತ್ತವೆ, ಗಾಳಿಗೆ ಬಟ್ಟೆ ಚೂರುಗಳು ಅಲ್ಲಾಡ್ತಿವೆ, ತಲೆಬುರುಡೆಗಳು.

ಅಪ್ಪ ಕವಳ ಜಗಿಯೋದು ನಿಲ್ಲಿಸಿದ್ರು. ನಮ್ಮ ತೋಟದ ಆಚೆ ತುದಿಯಲ್ಲಿ ಒಂದು ಬನ ಇದೆ, ಅಲ್ಲಿ ಕಡ್ಡಿ ಮುರಿಯಲ್ಲ, ಚಪ್ಪಲಿ ಹಾಕ್ಕೊಂಡು ಹೋಗಲ್ಲ, ಸಂಜೆ ಮೇಲಂತೂ ಕಾಲಿಡಲ್ಲ. "ಗೊತ್ತಿಲ್ದೆ ಹೋದ್ರೆ ಬೇರೆ. ಇವನಿಗೆ ಗೊತ್ತಿತ್ತಲ್ಲೋ" ಅಂದ್ರು. ಆ ಒಂದು ಮಾತಿಗೇ ನಾನು ಈ ಪೋಸ್ಟ್ ಬರೆಯೋಕೆ ಕೂತಿದ್ದು ಅನ್ನಬಹುದು. ಸೈನಿಕರಿಗೆ ಅದು ಬರೀ ದಾರಿ. ಅವನಿಗೆ ಹಾಗಲ್ಲ. ಆ ಬೆಟ್ಟದಲ್ಲಿ ಅವನು ಉಳಿದಿದ್ದು ಅಲ್ಲಿನ ರೀತಿ ರಿವಾಜು ಕಲಿತಿದ್ದಕ್ಕೆ, ಅವನ ಮನೇಲಿರೋ ಹೆಂಡತಿ ಅಲ್ಲಿನವಳು, ಎಲ್ಲರ ಹತ್ರ ಕೈಯೊಡ್ಡಿ ತಗೊಂಡವನು, ತಿರುಗಿ ಕೊಡಬೇಕಾಗಿದ್ದದ್ದು ಅದೊಂದು ಮರ್ಯಾದೆ, ಅದನ್ನೇ ಕೊಡಲಿಲ್ಲ. ಅದೂ ಕೆಟ್ಟತನದಿಂದ ಅಲ್ಲ, ಹಸಿದವರಿಗೆ ಸಹಾಯ ಮಾಡೋಕೆ ಹೋಗಿ. ಅದಕ್ಕೇ ಅಷ್ಟು ನೋವಾಗೋದು.

ವಾಪಸ್ ಬರುವಾಗ ಒಬ್ಬನೇ. ಅದೇ ಸ್ಮಶಾನ. ಅಲ್ಲಿ ನೀಲಿ ಒಡವೆ ಕಣ್ಣಿಗೆ ಬೀಳುತ್ತೆ, ಸ್ವಾನ್ ಹಾಕ್ಕೋತಿದ್ದ ಥರದ್ದು. ಅವನ ಮುಖ ನೋಡಬೇಕು. ಕುದುರೆ ಓಡಿಸ್ತಾನೆ ಓಡಿಸ್ತಾನೆ, ಎಷ್ಟು ಓಡಿಸಿದ್ರೂ ಹಿಮ ಮುಗಿಯಲ್ಲ. ಮನೆ ಒಳಗೆ ಇಬ್ಬರೂ ಸತ್ತಿದ್ದಾರೆ. ಅವನು ಅಳಲ್ಲ, ಕಿರುಚಲ್ಲ. ಸುಮ್ನೆ ಕೂರ್ತಾನೆ. ಬೆಳಕು ಬದಲಾಗುತ್ತೆ, ಅವನು ಕೂತೇ ಇದ್ದಾನೆ. ಆಮೇಲೆ ಎದ್ದು ಅವರಿಬ್ಬರನ್ನೂ ಒಳಗೇ ಮಲಗಿಸಿ ಮೂವರೂ ಸೇರಿ ಕಟ್ಟಿದ ಆ ಮನೆಗೆ ಬೆಂಕಿ ಇಡ್ತಾನೆ. ಮೊದಲ ಚಳಿಗಾಲದಲ್ಲಿ ಒಂದು ಒಲೆ ಹಚ್ಚೋಕೆ ಬರದೇ ಇದ್ದ ಅದೇ ಕೈ.

ಇಲ್ಲಿಂದ ಮುಂದೆ ಅವನು ಕ್ರೋ ಗುಂಪನ್ನ ಹುಡುಕಿ ಹೋಗಿ ಕೊಲ್ತಾನೆ, ಕೊನೆಗೆ ಉಳಿದ ಒಬ್ಬ ನಿಂತು ತನ್ನ ಸಾವಿನ ಹಾಡು ಹಾಡೋಕೆ ಶುರು ಮಾಡ್ದಾಗ ಅವನನ್ನ ಬಿಟ್ಟುಬಿಡ್ತಾನೆ, ಆ ಒಬ್ಬನಿಂದ ಸುದ್ದಿ ಹರಡುತ್ತೆ. ಆಮೇಲೆ ಕ್ರೋ ಜನ ಗುಂಪಾಗಿ ಬರಲ್ಲ, ಒಬ್ಬೊಬ್ಬರೇ ಬರ್ತಾರೆ, ಒಂದೊಂದು ಸಲಕ್ಕೆ ಒಬ್ಬ. ಅದು ಅವ್ರು ವೈರಿಗೆ ಕೊಡೋ ಗೌರವ.

ಈ ಭಾಗದ ಬಗ್ಗೆ ನನಗೆ ತಕರಾರಿದೆ. ಸಿನಿಮಾ ಸೇಲಿಶ್ ಜನರಿಗೆ ಒಂದಿಷ್ಟು ಮುಖ, ನಗು, ಮಾತು ಕೊಡುತ್ತೆ, ಕ್ರೋ ಜನರಿಗೆ ಕೊಡಲ್ಲ. ಅವ್ರು ಪೊದೆಯಿಂದ ಹಾರಿ ಬೀಳ್ತಾರೆ, ಸಾಯ್ತಾರೆ. ಕ್ರೋ ಜನ ತಮ್ಮನ್ನ ಅಪ್ಸಾಲೊಕೆ ಅಂತ ಕರ್ಕೋತಾರೆ, ಇತಿಹಾಸದಲ್ಲಿ ಅವ್ರು ಬಹುಪಾಲು ಬಿಳಿಯರ ಜೊತೆ ಹೊಂದ್ಕೊಂಡೇ ಇದ್ದವ್ರು, 1876ರಲ್ಲಿ ಅಮೆರಿಕದ ಸೈನ್ಯಕ್ಕೆ ದಾರಿ ತೋರಿಸಿದ ಸ್ಕೌಟ್‌ಗಳಲ್ಲಿ ಕ್ರೋ ಯುವಕರಿದ್ರು. ಜಿಮ್ ಬೆಕ್‌ವರ್ತ್ ಅನ್ನೋ ಕಪ್ಪುಜನಾಂಗದ ಬೇಟೆಗಾರ ವರ್ಷಗಟ್ಟಲೆ ಅವರ ಜೊತೇಲೇ ಬದುಕಿದ್ದ. ಅಂಥವರನ್ನ ಸಿನಿಮಾ ಶತ್ರು ಮಾಡಿದ್ದಕ್ಕೆ ಕಾರಣ ಅದು ಆಧರಿಸಿರೋ ದಂತಕಥೆ. ಜಾನ್ ಜಾನ್ಸ್ಟನ್ ಅಂತ ಒಬ್ಬ ನಿಜವಾಗಿ ಇದ್ದ, ಹೆಂಡತಿನ ಕೊಂದಿದ್ದಕ್ಕೆ ಸೇಡಿಗೆ ನೂರಾರು ಕ್ರೋಗಳನ್ನ ಕೊಂದು ಅವರ ಪಿತ್ತಜನಕಾಂಗ ತಿಂದ ಅಂತೆಲ್ಲ ಕಥೆ ಕಟ್ಟಿದ್ರು ಅವನ ಮೇಲೆ. ಇತಿಹಾಸ ಬರೆಯೋರು ಇದನ್ನ ಹೆಚ್ಚಾಗಿ ನಂಬಲ್ಲ. ಅವನು ಸ್ಟೀಮರುಗಳಿಗೆ ಸೌದೆ ಕಡಿದು ಮಾರ್ತಿದ್ದ, ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿದ್ದ, ವಯಸ್ಸಾದ ಮೇಲೆ ಮೊಂಟಾನಾದ ರೆಡ್ ಲಾಡ್ಜ್ ಅನ್ನೋ ಊರಲ್ಲಿ ಪೊಲೀಸ್ ಕೆಲಸ ಮಾಡಿದ, 1900ರಲ್ಲಿ ಲಾಸ್ ಏಂಜಲೀಸಿನ ಮಾಜಿ ಸೈನಿಕರ ಆಶ್ರಮದಲ್ಲಿ ತೀರಿಕೊಂಡ. ಸಿನಿಮಾ ಬಂದ ಮೇಲೆ ಕ್ಯಾಲಿಫೋರ್ನಿಯಾದ ಒಂದು ಸ್ಕೂಲಿನ ಮಕ್ಕಳು, ಬೆಟ್ಟದ ಮನುಷ್ಯನನ್ನ ಪೇಟೆಯ ಸ್ಮಶಾನದಲ್ಲಿ ಇಡೋದಾ ಅಂತ ಪತ್ರ ಬರೆದು ಬರೆದು, 1974ರಲ್ಲಿ ಅವನ ಅಸ್ಥಿನ ವಯೋಮಿಂಗ್‌ನ ಕೋಡಿ ಊರಿಗೆ ತಗೊಂಡು ಹೋಗಿ ಮತ್ತೆ ಮಣ್ಣು ಮಾಡಿದ್ರು. ಆವತ್ತು ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ರೆಡ್‌ಫೋರ್ಡ್ ಕೂಡ ಒಬ್ರು. ಇದನ್ನ ಓದಿ ಹೇಳ್ದಾಗ ಅಮ್ಮ ಕಣ್ಣೊರೆಸ್ಕೊಂಡ್ರು. ಪಾತ್ರ ಮಾಡಿದವನು ಪಾತ್ರಕ್ಕೆ ಹೆಗಲು ಕೊಡೋದು ಯಾರಿಗೆ ಸಿಗುತ್ತೆ ಹೇಳಿ.

ಕೊನೆ ಹತ್ರ ಬೇರ್ ಕ್ಲಾ ಇನ್ನೊಂದು ಸಲ ಸಿಗ್ತಾನೆ. ಹಿಮದ ಮಧ್ಯೆ ಇಬ್ಬರೂ ಬೆಂಕಿ ಮುಂದೆ ಕೂತು ಮೊಲ ಸುಡ್ತಾರೆ. ಇದು ಯಾವ ತಿಂಗಳು ಅಂತ ಜಾನ್ಸನ್ ಕೇಳ್ತಾನೆ, ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ. ತುಂಬಾ ದೂರ ಬಂದೆ ಅಂತ ಮುದುಕ ಅಂತಾನೆ, ಪಟ್ಟ ಕಷ್ಟಕ್ಕೆ ಬೆಲೆ ಸಿಕ್ತಾ ಅಂತಾನೆ, ಯಾವ ಕಷ್ಟ ಅಂತ ಇವನು. ಹೆಂಡತಿ ವಿಷಯ, ಹುಡುಗನ ವಿಷಯ ಒಂದಕ್ಷರ ಬರಲ್ಲ. ಮುದುಕ ಕೇಳೋದೂ ಇಲ್ಲ. ನಮ್ಮೂರಲ್ಲಿ ದುಃಖದ ಮನೆಗೆ ಹೋದ ಹಿರಿಯರು ಹೀಗೇ ಮಳೆ ಬೆಳೆ ಮಾತಾಡಿ ಒಂದು ಗಂಟೆ ಕೂತು ಎದ್ದು ಬರ್ತಾರಲ್ಲ, ಅದೇ.

ಆಮೇಲೆ ಕೊನೇ ಸೀನು. ದೂರದಲ್ಲಿ ಕುದುರೆ ಮೇಲೆ ಒಬ್ಬ, ಮೊದಲ ಚಳಿಗಾಲದಲ್ಲಿ ಹೊಳೆ ದಡದಲ್ಲಿ ಮೀನು ಹಿಡ್ಕೊಂಡು ನೋಡ್ತಿದ್ದ ಅದೇ ಕ್ರೋ ಯೋಧ. ಅವನು ಕೈ ಎತ್ತುತ್ತಾನೆ. ಜಾನ್ಸನ್ನೂ ಕೈ ಎತ್ತುತ್ತಾನೆ, ಅಲ್ಲೇ ಚಿತ್ರ ನಿಲ್ಲುತ್ತೆ. ನಾನು ಟಿವಿ ಆಫ್ ಮಾಡೋಕೆ ಎದ್ದೆ, ಅಪ್ಪ "ತಡಿ, ಸ್ವಲ್ಪ ಹಿಂದಕ್ಕೆ ಹಾಕು" ಅಂದ್ರು. ಹಾಕಿದೆ. "ಇನ್ನೊಂದ್ಸಲ" ಅಂದ್ರು. ಮತ್ತೆ ಹಾಕಿದೆ. ಕೈ ಎತ್ತೋದು ಶಾಂತಿಗೋ ಅಥವಾ ಹೋಗಿ ಬರ್ತೀನಿ ಅಂತಲೋ ಅಂತ ನಾನು ಕೇಳಿದೆ. ಅಪ್ಪ ಅದಕ್ಕೆ ಉತ್ತರ ಕೊಡದೆ ಪರದೆ ಕಡೆ ಬೆರಳು ತೋರಿಸಿ, "ಅದು ಬಿಡು, ಅದಕ್ಕೂ ಮುಂಚೆ ನೋಡು, ಆ ಕೈ ಮೊದಲು ಹೋಗಿದ್ದು ಕೋವಿ ಕಡೆ" ಅಂದ್ರು.